ಶಹರ್ ಗಂಜಾಮಿನ ನೂಲು

ಶ್ರೀರಂಗಪಟ್ಟಣದ ದ್ವೀಪವನ್ನು ನೋಡಲು ಹೋದವರು ಕೋಟೆಯನ್ನೂ ರಂಗನಾಥಸ್ವಾಮಿಯ ದೇವಾಲಯವನ್ನೂ ನೋಡಿಕೊಂಡು, ದರಿಯಾ ದೌಲತ್ತಿನ ಗೋಡೆಯ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಅಲ್ಲಿಂದ ಪೂರ್ವಕ್ಕೆ ಗಂಜಾಮಿನ ಮೇಲೆ ಹಾದು ಗುಂಬಜಿಗೂ ಸಂಗಮಕ್ಕೂ ಹೋಗುವುದು ವಾಡಿಕೆ. ಭಕ್ತರು ನಿಮಿಷಾಂಬೆಯ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರೆ. ಇವುಗಳ ನಡುವೆ ಗಂಜಾಂ ಎಂಬುದು ದಾಟಿ ಹೋಗುವ ಊರು. ಒಂದು ಕಾಲಕ್ಕೆ ಅಂಜೂರದ ಹಣ್ಣಿಗೆ ಹೆಸರಾಗಿದ್ದಿತೆಂದು ಹಿರಿಯರು ಹೇಳುವುದುಂಟು. ಚರಿತ್ರೆಯ ಪುಸ್ತಕಗಳಲ್ಲಿಯೂ ಅದರ ಸ್ಥಿತಿ ಇಷ್ಟೆ. ೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ಪೇಟೆಯನ್ನು ಹಿಡಿಯಿತೆಂದು ಒಂದು ವಾಕ್ಯ ಬರುತ್ತದೆ. ಕೂಡಲೆ ಕಥೆ ಕೋಟೆಯ ಗೋಡೆಯ ಕಡೆಗೆ ತಿರುಗಿಬಿಡುತ್ತದೆ. ಈ ಭಾಷಣದಲ್ಲಿ ನಾನು ಕೋಟೆಯ ಕಡೆಗೆ ಹೋಗುವವನಲ್ಲ. ಗಂಜಾಮಿನಲ್ಲಿಯೇ ನಿಂತು, ಅಂಥ ಪೇಟೆಯ ಮಗ್ಗಗಳಿಗೆ ನೂಲು ಎಲ್ಲಿಂದ ಬರುತ್ತಿದ್ದಿತು, ಆ ನೂಲನ್ನು ತೆಗೆದವರು ಯಾರು, ಅವರು ಕಡೆಗೆ ಏನಾದರು ಎಂಬಿಷ್ಟನ್ನು ವಿಚಾರಿಸಬೇಕೆಂದಿದ್ದೇನೆ.

ಗಂಜ್ ಎಂದರೆ ಪೇಟೆ. (ಮಗ್ಗದ ಹಾಸಿಗೆ ಹಾಕುವ ಗಂಜಿಗೂ ಈ ಹೆಸರಿಗೂ ಸಂಬಂಧವಿಲ್ಲ, ಇದ್ದಿದ್ದರೆ ನನ್ನ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತಿದ್ದಿತು.) ಹೊಳೆಯ ದಡದಲ್ಲಿಯೋ ದಾರಿಗಳು ಕೂಡುವಲ್ಲಿಯೋ ತಾನಾಗಿ ಬೆಳೆದ ಊರಲ್ಲ ಇದು, ಅರಸನ ಅಪ್ಪಣೆಯಿಂದ ಎದ್ದುದು. ಮೊಗಲರ ಸುಭೆಯ ರಾಜಧಾನಿಯಾಗಿದ್ದ ಶಿರಾದಿಂದ ಹನ್ನೆರಡು ಸಾವಿರ ಮನೆತನಗಳನ್ನು ಟಿಪ್ಪು ಸುಲ್ತಾನನು ಬಲವಂತವಾಗಿ ಎಬ್ಬಿಸಿ ತಂದು ಇಲ್ಲಿ ನೆಲೆಗೊಳಿಸಿದನೆಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಕಸುಬುಳ್ಳ ಜನ ಬೇಕು ಎಂಬುದು ಸುಲ್ತಾನನ ಅಭಿಪ್ರಾಯ. ಮನೆ ಮಾರು ಬಿಟ್ಟು ಬಂದವರ ಅಭಿಪ್ರಾಯವನ್ನು ಯಾರೂ ಬರೆದಿಟ್ಟಿಲ್ಲ.

ಅದೇ ಸುಲ್ತಾನನು ರೇಷ್ಮೆಯ ವಿಷಯದಲ್ಲಿ ತೋರಿದ ಆಸಕ್ತಿ ಪ್ರಸಿದ್ಧವಾಗಿದೆ. ರೇಷ್ಮೆಯ ಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್, ಕಸ್ತೂರಿರಂಗ ಎಂಬ ಇಬ್ಬರು ಹಿಂತಿರುಗುತ್ತಿದ್ದಾರೆ, ಅವರು ತರುವ ಹುಳುಗಳನ್ನು ಸಾಕಲು ತಕ್ಕ ಏರ್ಪಾಡು ಮಾಡತಕ್ಕದ್ದು ಎಂದು ೧೭೮೬ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಅವನು ಬರೆಯಿಸಿದ ಪತ್ರವು ಉಳಿದುಬಂದಿದೆ. ಆದುದರಿಂದ ನಮ್ಮ ರೇಷ್ಮೆಗೆ ಹುಟ್ಟಿದ ವರ್ಷವುಂಟು, ತಂದವರ ಹೆಸರುಂಟು. ಹತ್ತಿಯ ನೂಲಿಗೆ ಇವು ಯಾವುವೂ ಇಲ್ಲ. ಅದನ್ನು ತರಿಸುವುದಕ್ಕೆ ಯಾರೂ ಯಾರಿಗೂ ಪತ್ರ ಬರೆಯಬೇಕಾಗಿರಲಿಲ್ಲ. ಹಜಾರದ ಮೂಲೆಯಲ್ಲಿ ರಾಟೆ ತಿರುಗುತ್ತಿದ್ದಿತು.

೧೭೯೯ರ ಮೇ ೪ರಂದು ಕೋಟೆ ಬಿದ್ದಿತು. ಮಾರನೆಯ ವರ್ಷ ಅದೇ ತಿಂಗಳಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ದೇಶವನ್ನು ಪರಿಶೀಲಿಸುತ್ತ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಗೆ ಬಂದನು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನವಿದ್ದ ದ್ವೀಪದಲ್ಲಿ ಅವನು ಬಂದಾಗ ಉಳಿದಿದ್ದವರು ಸುಮಾರು ೩೨,೦೦೦ ಎಂಬುದು ಅವನ ಅಂದಾಜು. ಆಸ್ಥಾನ ಮೈಸೂರಿಗೆ ಹೋಗಿತ್ತು, ಸೈನ್ಯ ಚದುರಿಹೋಗಿತ್ತು. ಈ ಪಟ್ಟಣದ ಕೈಗಾರಿಕೆ ಎಂದೂ ಹೇಳಿಕೊಳ್ಳುವಂಥದಾಗಿರಲಿಲ್ಲ, ಇದ್ದುದೆಲ್ಲ ಯುದ್ಧದ ಸಾಮಾನು ಮತ್ತು ದಂಡಿನ ಸಲಕರಣೆ, ಈಗ ಅದೂ ತಗ್ಗಿದೆ ಎಂದು ಅವನು ಬರೆಯುತ್ತಾನೆ. ಆದರೆ ಇದರ ಬೆನ್ನಿಗೇ ಇನ್ನೊಂದು ಮಾತಿದೆ: ನೇಕಾರರು ಶಹರ್ ಗಂಜಾಮಿನಲ್ಲಿ ಗಣನೀಯವಾದ ಸಂಖ್ಯೆಯಲ್ಲಿ ಬಂದು ಸೇರುತ್ತಿದ್ದಾರೆ, ಸ್ವಲ್ಪ ಕಾಲದಲ್ಲಿಯೇ ಬಹಳ ಮಂದಿಯಾಗಬಹುದು ಎಂದು. ಅರಸನ ಅಪ್ಪಣೆಯಿಂದ ತುಂಬಿದ ಪೇಟೆ ಬರಿದಾಗುತ್ತಿದ್ದ ಹೊತ್ತಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ನೇಕಾರರು ಅಲ್ಲಿ ಗೂಟ ನೆಟ್ಟು ಹಾಸು ಬಿಡಲು ಬಂದರು. ಗಂಜಾಮಿನ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು.

ನೇಕಾರರು ಬಂದರು, ಸರಿ. ಒಂದು ಮಗ್ಗ ಹಸಿದು ನಿಲ್ಲದೆ ನಡೆಯಬೇಕಾದರೆ ನಾಲ್ಕಾರು ರಾಟೆಗಳು ದಿನವೆಲ್ಲ ತಿರುಗಬೇಕು. ನೂರು ಮಗ್ಗದ ಬೀದಿಯೆಂದರೆ ಅದರ ಹಿಂದೆ ಐನೂರು ಮಂದಿ ನೂಲುವವರು ಇದ್ದಾರೆಂದು ತಿಳಿಯಬೇಕು. ಮಗ್ಗಗಳು ಒಂದೆಡೆ ಸಾಲಾಗಿ ಕುಳಿತಿರುತ್ತವೆಯಾದ್ದರಿಂದ ಪ್ರವಾಸಿಯ ಕಣ್ಣಿಗೆ ಬೀಳುತ್ತವೆ. ರಾಟೆಗಳು ಸುತ್ತಣ ಹಳ್ಳಿಗಳಲ್ಲಿ ಮನೆಗೊಂದರಂತೆ ಚೆಲ್ಲಿರುವುದರಿಂದ ಕಾಣುವುದಿಲ್ಲ. ಬುಕಾನನ್ನನಿಗೆ ಅವು ಕಂಡವು. ಇದು ಅವನ ಹೆಚ್ಚುಗಾರಿಕೆ. ಬೆಂಗಳೂರಿನ ನೇಯ್ಗೆಯ ವಿಷಯ ಬರೆಯುವಾಗ ಅವನು, ಬ್ರಾಹ್ಮಣರನ್ನುಳಿದು ಎಲ್ಲ ಜಾತಿಯ ಹೆಂಗಸರೂ ವಾರದ ಸಂತೆಯಲ್ಲಿ ಹತ್ತಿಯನ್ನು ಸ್ವಲ್ಪಸ್ವಲ್ಪವಾಗಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಾರೆಂದು ಹೇಳಿದ್ದಾನೆ. ಬ್ರಾಹ್ಮಣರ ಮಾತಿನಲ್ಲಿ ಒಂದು ತಿದ್ದುಪಡಿ ಬೇಕು. ಮಾರುವುದಕ್ಕಾಗಿ ನೂಲದಿದ್ದರೂ ಜನಿವಾರಕ್ಕೆ ತಕಲಿಯಲ್ಲಿ ನೂಲುವುದು ಆ ಮನೆಗಳಲ್ಲಿ ಇದ್ದೇ ಇದ್ದಿತು. ಹೂಬತ್ತಿ, ಗೆಜ್ಜೆವಸ್ತ್ರಗಳು ಹೆಂಗಸರ ಕೈಯಿಂದಲೇ ಆಗಬೇಕಾಗಿದ್ದಿತು. ಹತ್ತಿಯನ್ನು ಹಿಂಜಿ, ಬೆರಳಿನಲ್ಲಿ ಹೊಸೆದು, ಮಣಿಮಣಿಯಾಗಿ ಮಾಡುವ ಗೆಜ್ಜೆವಸ್ತ್ರವನ್ನು ನಮ್ಮ ನಾಡಿನ ಲೇಸು ಎಂದರೆ ತಪ್ಪಾಗಲಾರದು.

ಸಂತೆಯಲ್ಲಿ ಕೊಂಡ ಹತ್ತಿ ನೂಲಾಗುವ ಕ್ರಮ ಹೀಗೆ: ಮೊದಲು ಬೀಜ ಬಿಡಿಸಬೇಕು, ಆಮೇಲೆ ಪಿಂಜಾರನು ಬಿಲ್ಲಿನ ನಾರಿಯನ್ನು ಮೀಟಿ ಅದನ್ನು ನೊರೆಯ ಹಾಗೆ ಅರಳಿಸಬೇಕು, ಅರಳಿದುದನ್ನು ಕಡ್ಡಿಯ ಮೇಲೆ ಸುತ್ತಿ ಹಂಜಿ ಮಾಡಬೇಕು. ಹಂಜಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ರಾಟೆ ತಿರುಗಿಸಿದರೆ ಕದಿರಿನ ತುದಿಯಿಂದ ಎಳೆ ಬೆಳೆಯುತ್ತ ಹೋಗುತ್ತದೆ. ಕೈ ಹೆಚ್ಚು ಬೇಗ ಹಿಂದಕ್ಕೆ ಸರಿದರೆ ಎಳೆ ಕಡಿಯುವುದು, ನಿಧಾನವಾದರೆ ಮುರಿ ಹೆಚ್ಚಿ ಗಂಟು ಬೀಳುವುದು. ೮೪೦ ಗಜಕ್ಕೆ ಒಂದು ಲಡಿ. ಒಂದು ಪೌಂಡು ಹತ್ತಿಯಲ್ಲಿ ಎಷ್ಟು ಲಡಿ ಬರುವುದೋ ಅದೇ ಆ ನೂಲಿನ ನಂಬರು. ಹತ್ತು ನಂಬರಿನ ದಪ್ಪ ನೂಲೆಂದರೆ ಪೌಂಡಿಗೆ ೮,೪೦೦ ಗಜ. ಪಳಗಿದ ಕೈ ಗಂಟೆಗೆ ಮುನ್ನೂರು ಗಜ ತೆಗೆಯುವುದೆಂದಿಟ್ಟುಕೊಂಡರೆ ಒಂದು ಪೌಂಡಿಗೆ ಇಪ್ಪತ್ತೆಂಟು ಗಂಟೆ. ಮನೆಗೆಲಸದ ನಡುವೆ ನಾಲ್ಕೈದು ದಿನದ ಮಾತು. ದೊಡ್ಡ ಸಂಪಾದನೆಯಲ್ಲ. ಆದರೆ ಈ ಕೆಲಸಕ್ಕೆ ಬಂಡವಾಳ ಒಂದು ಹಿಡಿ ಹತ್ತಿಯಷ್ಟೇ ಸಾಕು, ಹೊಸಲು ದಾಟಬೇಕಾಗಿಲ್ಲ, ಮಗು ಅತ್ತರೆ ಎದ್ದು ಹೋಗಿ ಬರಬಹುದು, ಕಣ್ಣು ಮಂಜಾದ ಮುದುಕಿಯೂ ಬೆರಳಿನ ತಿಳಿವಿನಿಂದಲೇ ಮಾಡಬಹುದು. ಗಂಡನನ್ನು ಕಳೆದುಕೊಂಡು, ಹೊಲವಿಲ್ಲದೆ, ಇನ್ನೊಬ್ಬರ ಮನೆಯಲ್ಲಿ ಅನ್ನಕ್ಕೆ ಕೈಯೊಡ್ಡಬೇಕಾದ ಹೆಂಗಸಿಗೆ ಇಂಥ ಇನ್ನೊಂದು ಉದ್ಯೋಗ ನಮ್ಮ ಸಮಾಜದಲ್ಲಿ ಇರಲಿಲ್ಲ.

ಈ ಕೆಲಸವನ್ನು ನಮ್ಮವರು ಹೀನವೆಂದು ಎಣಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ ಎಂಬಾಕೆಯ ಕಾಯಕವೇ ನೂಲುವುದು. ಹೆಸರಿನಲ್ಲಿಯೇ ಕದಿರು ಸೇರಿದೆ. ರಾಟೆಯ ಒಂದೊಂದು ಅಂಗವನ್ನೂ ಹಿಡಿದು ತನ್ನ ಅನುಭಾವವನ್ನು ಹೇಳಿದ ಆಕೆಯ ವಚನಗಳು ಕೆಲವೇ. ಜೇಡರ ದಾಸಿಮಯ್ಯನು ಮಗ್ಗದವರಿಗೆಲ್ಲ ಮೂಲಪುರುಷನಾಗಿ ಪೂಜಿತನಾಗಿದ್ದಾನೆ; ರೆಮ್ಮವ್ವೆಯ ಹೆಸರು ವಿದ್ವಾಂಸರಲ್ಲಿ ಮಾತ್ರ ಉಳಿದುಕೊಂಡಿದೆ. ಮಗ್ಗಕ್ಕೂ ರಾಟೆಗೂ ಇರುವ ಅಂತರ ಸ್ಮರಣೆಯಲ್ಲಿಯೂ ಕಾಣುತ್ತದೆ.

ಇನ್ನು ಗಂಜಾಮಿನ ಪಾದ್ರಿಯ ವಿಷಯಕ್ಕೆ ಬರುತ್ತೇನೆ. ಕೋಟೆ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸುವುದಕ್ಕಾಗಿ ಫ್ರಾನ್ಸ್ ದೇಶದ ಅಬ್ಬೆ ದುಬ್ವಾ ಎಂಬ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದನು. ಗಂಜಾಮಿನಲ್ಲಿರುವ ಇಗರ್ಜಿಗೆ ಈಗಲೂ ಅವನ ಹೆಸರೇ ನಡೆಯುತ್ತಿದೆ. ನಮ್ಮವರ ಹಾಗೆ ಉಡುಪು ತೊಟ್ಟು, ನಮ್ಮವರ ಊಟ ಮಾಡಿ, ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿ ದುಡಿದು, ೧೮೨೩ರವರೆಗೆ ಈ ಸೀಮೆಯಲ್ಲಿ ಇದ್ದನು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಅವನ ಹೆಸರಿನಲ್ಲಿರುವ ದೊಡ್ಡ ಗ್ರಂಥವನ್ನು ತಾವು ಕೇಳಿಯೇ ಇರುತ್ತೀರಿ. ಅದರ ಹಸ್ತಪ್ರತಿಯನ್ನು ೧೮೦೭ರಲ್ಲಿ ಕಂಪನಿಯವರು ಕೊಂಡರು. ಇಂಗ್ಲಿಷಿನಲ್ಲಿ ೧೮೧೬ರಲ್ಲಿಯೂ, ಅವನೇ ತಿದ್ದಿ ಬೆಳೆಸಿದ ರೂಪದಲ್ಲಿ ಫ್ರೆಂಚ್ ಭಾಷೆಯಲ್ಲಿ ೧೮೨೫ರಲ್ಲಿಯೂ ಅಚ್ಚಾಯಿತು. ನಮ್ಮ ಜನವನ್ನು ಕುರಿತು ಅದರಲ್ಲಿರುವ ಕಟುವಾದ ತೀರ್ಪುಗಳನ್ನು ನಾನು ಒಪ್ಪುವುದಿಲ್ಲ. ಅದರ ಬಹುಭಾಗ ಹಿಂದಿನ ತಲೆಯ ಕ್ಯೂರ್ದೂ ಎಂಬ ಜೆಸ್ಯೂಯಿಟ್ ಪಾದ್ರಿಯ ಬರಹದಿಂದ ತೆಗೆದದ್ದೆಂದೂ ವಿದ್ವಾಂಸರು ೧೯೮೭ರಲ್ಲಿ ತೋರಿಸಿಕೊಟ್ಟಿದ್ದಾರೆ.

ಆದರೆ ಒಂದು ಭಾಗ ಮಾತ್ರ ಕ್ಯೂರ್ದೂವಿನದಾಗಲಾರದು. ಏಕೆಂದರೆ ಅವನು ೧೭೭೯ರಲ್ಲಿಯೇ ತೀರಿಕೊಂಡನು. ಆ ಭಾಗ ದುಬ್ವಾ ಇಂಡಿಯವನ್ನು ಬಿಡುವ ಮುನ್ನ ಕಣ್ಣಾರೆ ಕಂಡದ್ದು. ನೇಯ್ಗೆಯ ಸೀಮೆಗಳಲ್ಲಿ ತಾನು ಸಂಚರಿಸಿದಾಗ ಕಂಡ ಹಾಳಿಗೆ ಎಣೆಯಿಲ್ಲವೆಂದೂ, ಮಗ್ಗದ ಮನೆಗಳು ಮುಚ್ಚಿದ್ದುವೆಂದೂ, ಲಕ್ಷಾಂತರ ನೇಕಾರರು ಹಸಿವಿನಿಂದ ಸಾಯುತ್ತಿದ್ದರೆಂದೂ ಅವನು ಬರೆದಿದ್ದಾನೆ. ಇಷ್ಟನ್ನು ಇತರರೂ ಬರೆದಿದ್ದಾರೆ. ಅವನು ಅಷ್ಟಕ್ಕೆ ನಿಲ್ಲುವುದಿಲ್ಲ. ಹತ್ತಿ ನೂತು ಸಂಸಾರವನ್ನು ಸಾಕುತ್ತಿದ್ದ ಅಸಂಖ್ಯಾತ ವಿಧವೆಯರೂ ಇತರ ಹೆಂಗಸರೂ ಕೆಲಸವಿಲ್ಲದೆ ದಿಕ್ಕಿಲ್ಲದವರಾಗಿದ್ದುದನ್ನು ಹೋದ ಹೋದಲ್ಲೆಲ್ಲ ಕಂಡೆನೆಂದು ಹೇಳುತ್ತಾನೆ. ಯಾವ ಸೀಮೆಯೆಂದು ಹೆಸರಿಸಿಲ್ಲವಾದ್ದರಿಂದ ಇದು ಗಂಜಾಮಿನ ಚಿತ್ರವೇ ಎಂದು ನಾನು ವಾದಿಸುವುದಿಲ್ಲ. ಆದರೆ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಗಂಜಾಮಿನ ಸುತ್ತಮುತ್ತ ಬಡವರ ನಡುವೆ ಓಡಾಡಿದ್ದವನಿಗಲ್ಲದೆ, ಮುಚ್ಚಿದ ಮಗ್ಗದ ಹಿಂದೆ ನಿಂತುಹೋದ ರಾಟೆಯೊಂದು ಇರುತ್ತದೆ ಎಂಬುದು ಹೊಳೆಯುತ್ತಿರಲಿಲ್ಲ.

ಇದಕ್ಕೆ ಕಾರಣವೇನು? ಯೂರೋಪಿನ ಯಂತ್ರ ಎಂಬುದು ದುಬ್ವಾನ ಉತ್ತರ. ಅದು ಸರಿಯೇ, ಆದರೆ ಕಾಲವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಗ್ಲೆಂಡಿನಲ್ಲಿ ಹಾರ್ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್ ಎಂಬುವರ ನೂಲುವ ಯಂತ್ರಗಳು ೧೭೬೪ರಿಂದ ೧೭೭೯ರೊಳಗೆ ಹುಟ್ಟಿದುವು. ನೂರು ಪೌಂಡು ಹತ್ತಿಯನ್ನು ನಯವಾದ ನೂಲಾಗಿ ಮಾಡಲು ನಮ್ಮ ಕೈರಾಟೆಗೆ ಐವತ್ತು ಸಾವಿರ ಗಂಟೆಗಳ ದುಡಿಮೆ ಬೇಕು. ಕ್ರಾಂಪ್ಟನ್ನನ ಯಂತ್ರಕ್ಕೆ ಎರಡು ಸಾವಿರ ಸಾಕಾಯಿತು. ೧೮೨೫ರ ಸುಮಾರಿಗೆ ಬಂದ ಸ್ವಯಂಚಾಲಕ ಯಂತ್ರಕ್ಕೆ ೧೩೫ ಗಂಟೆ. ಈ ಲೆಕ್ಕದ ಮುಂದೆ ಯಾವ ಬೆರಳಿನ ಚಾತುರ್ಯವೂ ನಿಲ್ಲಲಾರದು. ಆದರೂ ವಿಲಾಯತಿ ನೂಲು ಇಂಡಿಯಕ್ಕೆ ರಾಶಿಯಾಗಿ ಬಂದುದು ದುಬ್ವಾ ಹೊರಟುಹೋದ ಮೇಲೆ: ೧೮೨೪ರಲ್ಲಿ ೧,೨೧,೦೦೦ ಪೌಂಡು, ೧೮೨೮ರಲ್ಲಿ ನಲವತ್ತು ಲಕ್ಷ ಪೌಂಡು. ಅವನು ಕಂಡುದು ಮೊದಲನೆಯ ಪೆಟ್ಟು. ನಮ್ಮ ಬಟ್ಟೆಗೆ ಯೂರೋಪಿನಲ್ಲಿ ಗಿರಾಕಿ ತಪ್ಪಿದುದರಿಂದ ಮಗ್ಗ ನಿಂತಿತು, ಮಗ್ಗ ನಿಂತುದರಿಂದ ನೂಲನ್ನು ಕೇಳುವವರಿಲ್ಲವಾದರು. ಎರಡನೆಯ ಪೆಟ್ಟು ಇದಕ್ಕಿಂತ ವಿಚಿತ್ರವಾದುದು. ಗಿರಣಿಯ ನೂಲು ಅಗ್ಗವಾಗಿ ಬಂದಾಗ ನೇಕಾರನು ಅದನ್ನು ಕೊಂಡು ತನ್ನ ಮಗ್ಗಕ್ಕೆ ಏರಿಸಿದನು. ಹಾಸು ಕಡಿಯುವುದು ಕಡಮೆಯಾಯಿತು, ಕೆಲಸ ಬೇಗ ಸಾಗಿತು. ಹೀಗೆ ಮಗ್ಗವು ಬದುಕಿಕೊಂಡಿತು. ಶ್ರೀರಂಗಪಟ್ಟಣದ ತಾಲ್ಲೂಕಿನ ಕೊಡಿಯಾಲ ಈಗಲೂ ನೇಕಾರರ ಊರೆಂದು ಹೆಸರಾಗಿದೆ. ದೂರದ ಹಳ್ಳಿಗಳಲ್ಲಿ ಒರಟು ಬಟ್ಟೆಗಾಗಿ ಇನ್ನೂ ಕೆಲವು ಕಾಲ ರಾಟೆ ತಿರುಗಿತು. ೧೮೮೨ರ ಹೊತ್ತಿಗೆ ಮೈಸೂರಿನವರೆಗೆ ರೈಲು ಬಂದು, ೧೮೮೪ರಲ್ಲಿ ಬೆಂಗಳೂರಿನಲ್ಲಿಯೇ ನೂಲಿನ ಗಿರಣಿ ಏರ್ಪಟ್ಟ ಮೇಲೆ ಅದೂ ಅಟ್ಟ ಸೇರಿತು. ಕೈಮಗ್ಗ ಹಾಳಾಯಿತೆಂದು ನಾವು ಮರುಗುತ್ತೇವೆ. ಕೈಮಗ್ಗದ ಉಳಿವೇ ನೂಲುವವಳ ಅಳಿವಾಯಿತೆಂಬುದನ್ನು ಗಮನಿಸುವುದಿಲ್ಲ. ಇತ್ತ ದ್ವೀಪವೂ ಜ್ವರದಿಂದ ಬಡವಾಗಿ, ೧೯೦೧ರ ಖಾನೇಷುಮಾರಿಯ ಹೊತ್ತಿಗೆ ಪಟ್ಟಣದಲ್ಲಿ ೮,೫೮೪ ಜನರು ಮಾತ್ರ ಉಳಿದಿದ್ದರು.

ಹೆಂಗಸರ ಬೆರಳುಗಳಿಗೆ ಆಮೇಲೆ ದೊರೆತ ಕೆಲಸ ಲೇಸು. ಇಂಗ್ಲಿಷಿನ ಈ ಮಾತು ಕನ್ನಡದ ಲೇಸಿನೊಡನೆ ಕಿವಿಗೆ ಒಂದಾಗಿ ಬಂದುದರಿಂದಲೋ ಏನೋ, ನಮ್ಮ ಮನೆಗಳಲ್ಲಿ ಅದಕ್ಕೆ ಬೇಗ ಮರ್ಯಾದೆ ಸಿಕ್ಕಿತು. ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ ಸ್ಥಾಪಿತವಾದುದು ೧೮೮೧ರಲ್ಲಿ. ಹೆಣ್ಣುಮಕ್ಕಳ ಶಾಲೆಗಳೂ ಕಾನ್ವೆಂಟುಗಳೂ ಹೆಚ್ಚಿದಂತೆ ಹೊಲಿಗೆ, ಕಸೂತಿ, ಕೊಕ್ಕೆಸೂಜಿಯ ಹೆಣಿಗೆ ಇವು ವಿದ್ಯೆಯ ಭಾಗವಾದುವು. ರವಿಕೆಯ ತೋಳಿಗೆ, ಮೇಜಿನ ಹಾಸಿಗೆ, ಹಾಲಿನ ಲೋಟ ಮುಚ್ಚುವ ಮಣಿಕಟ್ಟಿದ ಜಾಲರಿಗೆ ಲೇಸು ಬೇಕಾಯಿತು. ಇದಕ್ಕೆ ಅಟ್ಟದ ಮೇಲಿನ ರಾಟೆಯ ನೂಲು ಒದಗಲಿಲ್ಲ. ಮಗ್ಗದ ಹಾಸಿನಲ್ಲಿ ಎಳೆಯನ್ನು ಗಂಜಿ ಕುಡಿಸಿ ಬಿಗಿದು ನಿಲ್ಲಿಸುವುದರಿಂದ ಒಂಟಿ ಎಳೆ ಸಾಕು. ಹೆಣಿಗೆಯಲ್ಲಿ ನೂಲು ಕುಣಿಕೆಕುಣಿಕೆಯಾಗಿ ಸಡಿಲವಾಗಿ ನಿಲ್ಲಬೇಕು. ಒಂಟಿ ಎಳೆಯಾದರೆ ತನ್ನ ಮುರಿಗೆ ತಾನೇ ಸುತ್ತಿಕೊಂಡು ಹೆಣಿಗೆ ಓರೆಯಾಗುವುದು. ಎರಡು ಮೂರು ಎಳೆಗಳನ್ನು ಕೂಡಿಸಿ ನೂತ ದಿಕ್ಕಿಗೆ ಎದುರಾಗಿ ಹುರಿಮಾಡಿದರೆ ಮಾತ್ರ ದಾರ ದುಂಡಗೆ ನಿಲ್ಲುವುದು. ಈ ದಾರ ಸ್ಕಾಟ್ಲೆಂಡಿನ ಪೇಸ್ಲಿ ಮುಂತಾದ ಊರುಗಳ ಗಿರಣಿಗಳಿಂದ ಉಂಡೆಯಾಗಿ ಬರುತ್ತಿದ್ದಿತು. ಅಜ್ಜಿಯು ನೂಲನ್ನು ಮಾರಿ ಹಣ ತಂದಿದ್ದಳು. ಮೊಮ್ಮಗಳು ಹಣ ಕೊಟ್ಟು ನೂಲನ್ನು ತಂದಳು.

ಲೇಸು ಜೀವನೋಪಾಯವಾದುದೂ ಉಂಟು. ೧೮೧೯ರಲ್ಲಿ ನಾಗರಕೋಯಿಲಿಗೆ ಬಂದ ಮಾಲ್ಟ್ ಎಂಬ ಮಿಷನರಿ ದಂಪತಿಗಳು ಅಲ್ಲಿಯ ಬಡ ಹೆಣ್ಣುಮಕ್ಕಳಿಗೆ ಲೇಸಿನ ಕೆಲಸ ಕಲಿಸಿದರು. ಆ ಹೊತ್ತಿಗೆ ಲೇಸಿನ ತವರಾದ ಯೂರೋಪಿನಲ್ಲಿಯೇ ಕೈಲೇಸಿಗೆ ಕಷ್ಟ ಬಂದಿತ್ತು. ೧೮೦೯ರಲ್ಲಿ ಹೀತ್‌ಕೋಟ್ ಎಂಬ ಇಂಗ್ಲಿಷಿನವನು ಲೇಸಿನ ಜಾಲರಿಯನ್ನು ಹೆಣೆಯುವ ಯಂತ್ರಕ್ಕೆ ಹಕ್ಕು ಪಡೆದಿದ್ದನು. ೧೮೧೬ರಲ್ಲಿ ಕೆಲಸಗಾರರು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದರು. ಎಂದರೆ ನಮ್ಮಲ್ಲಿ ನೂಲುವವಳಿಗೆ ಒದಗಿದ ಆಪತ್ತು ಅಲ್ಲಿ ಲೇಸು ಹೆಣೆಯುವವಳನ್ನೂ ಬಿಡಲಿಲ್ಲ.

ಇದಕ್ಕೆ ಒಂದು ಅಪವಾದವುಂಟು. ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ನಡುವೆ ಷೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿಯ ಹೆಂಗಸರು ತಮ್ಮ ಕುರಿಗಳ ಕತ್ತಿನ ಮೃದುವಾದ ಉಣ್ಣೆಯನ್ನು ಕೈಯಿಂದ ನೂತು, ಅದರಿಂದಲೇ ಕಡ್ಡಿಗಳ ಮೇಲೆ ಲೇಸಿನ ಶಾಲುಗಳನ್ನು ಹೆಣೆದರು. ಮದುವೆಯ ಉಂಗುರದಲ್ಲಿ ತೂರಿಸಿ ಎಳೆಯಬಹುದಾದಷ್ಟು ತೆಳ್ಳನೆಯ ಶಾಲು. ವಿಕ್ಟೋರಿಯ ರಾಣಿಗೆ ಆ ಹೆಣಿಗೆ ಕಾಣಿಕೆಯಾಗಿ ಹೋದ ಮೇಲೆ ಅದಕ್ಕೆ ಬೇಡಿಕೆ ಹೆಚ್ಚಿತು. ಅಂಥ ನಯವಾದ ಉಣ್ಣೆಯ ನೂಲನ್ನು ತೆಗೆಯುವುದು ಗಿರಣಿಗೆ ಸಾಧ್ಯವಾಗದೆ ಇದ್ದುದರಿಂದ ಅಲ್ಲಿ ಕೈನೂಲು ಉಳಿಯಿತು. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ನನಗೆ ಕಾಣುವುದೇನೆಂದರೆ, ಅಲ್ಲಿ ಸಂತೆಗೆ ಹೋದುದು ನೂಲಲ್ಲ, ಶಾಲು. ಬಹುಮಟ್ಟಿಗೆ ನೂಲುವವಳ ಮನೆಯಲ್ಲಿಯೇ ಅದರ ಕೆಲಸ ಮುಗಿಯುತ್ತಿದ್ದಿತು. ನಮ್ಮವಳು ಲಡಿಯನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಳು. ಕೊಳ್ಳುವವನು ಬೇರೆ ಕಡೆಗೆ ತಿರುಗಿದ ದಿನ ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ. ಹಾಗೆಂದು ಷೆಟ್ಲೆಂಡಿನವಳು ಸುಖವಾಗಿದ್ದಳೆಂದು ತಿಳಿಯಬೇಡಿ. ಶಾಲಿಗೆ ವರ್ತಕರು ಹಣವನ್ನು ಕೊಡದೆ ಚಹವನ್ನೂ ಬಟ್ಟೆಯನ್ನೂ ಕೊಡುತ್ತಿದ್ದರು. ೧೮೭೨ರಲ್ಲಿ ಸರ್ಕಾರ ಇದಕ್ಕಾಗಿಯೇ ವಿಚಾರಣೆ ನಡೆಸಬೇಕಾಯಿತು. ರಾಣಿಯ ಹೆಗಲ ಮೇಲೆ ಶಾಲು, ಹೆಣೆದವಳ ಕೈಯಲ್ಲಿ ಚಹದ ಪೊಟ್ಟಣ.

ನಮ್ಮ ಸಂಸ್ಥಾನದಲ್ಲಿ ರಾಟೆ ಅಟ್ಟದಿಂದ ಇಳಿದುದು ೧೯೨೭ರಲ್ಲಿ. ಆ ವರ್ಷ ಗಾಂಧಿಯವರು ದೇಹಾಲಸ್ಯದಿಂದ ನಂದಿಯ ಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಖಾದಿಯ ಪ್ರದರ್ಶನ ನಡೆಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ. ನಂಜನಗೂಡಿನ ಹತ್ತಿರ ಬದನವಾಳಿನಲ್ಲಿ ಸಂಸ್ಥಾನದ ಸರ್ಕಾರವೇ ಖಾದಿಯ ಕೇಂದ್ರವನ್ನು ತೆರೆಯಿತು. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನವೊಂದು ಇದನ್ನು ಮಾಡಿದುದು ಸಾಮಾನ್ಯವಲ್ಲ. ಆದರೆ ನೂಲುವವಳ ಕೂಲಿಯ ಪ್ರಶ್ನೆ ಹಾಗೆಯೇ ಉಳಿಯಿತು. ಬಟ್ಟೆ ಅಗ್ಗವಾಗಬೇಕೆಂದು ನೂಲಿನ ಬೆಲೆಯನ್ನು ತಗ್ಗಿಸುತ್ತಿದ್ದರು. ಇದನ್ನು ಮೊದಲು ಗಟ್ಟಿಯಾಗಿ ಆಕ್ಷೇಪಿಸಿದವರು ಗಾಂಧಿಯವರೇ. ಎಂಟು ಗಂಟೆಯ ನೂಲುವಿಕೆಗೆ ಎಂಟಾಣೆಯಾಗಬೇಕೆಂಬುದು ಅವರ ಅಪೇಕ್ಷೆ. ಚರಕಾ ಸಂಘವು ೧೯೩೫ರಲ್ಲಿ ಕನಿಷ್ಠ ಕೂಲಿಯನ್ನು ಗೊತ್ತುಮಾಡಲು ಒಪ್ಪಿತು. ಕಾರ್ಯತಃ ಅದು ಮೂರಾಣೆಯಿಂದ ಆರಂಭವಾಯಿತು.

ಬದನವಾಳಿನಲ್ಲಿ ಕೆಲಸ ಹಿಂದಿನ ಮಟ್ಟದಲ್ಲಿಲ್ಲದಿದ್ದರೂ ನಿಂತಿಲ್ಲ. ಗಂಜಾಮಿಗೆ ಇನ್ನೂ ಹತ್ತಿರದಲ್ಲಿ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ಸುರೇಂದ್ರ ಕೌಲಗಿಯವರು ೧೯೬೦ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟು ಖಾದಿಯ ನೇಯ್ಗೆಯನ್ನು ಕೈಗೊಂಡಿತು. ಖಾದಿಯ ಕೇಂದ್ರಗಳಲ್ಲಿ ಈಗಿರುವುದು ಹೆಚ್ಚಾಗಿ ಹಲವು ಕದಿರುಗಳ ಅಂಬರ ಚರಕ. ಹತ್ತಿಯನ್ನು ಅರಳಿಸುವ ಪಿಂಜಾರನ ಬಿಲ್ಲಿನ ಸದ್ದು ಹಳ್ಳಿಗಳಲ್ಲಿ ನಿಂತುಹೋಗಿದೆ. ನಮ್ಮ ನಾಡಿನಲ್ಲಿ ಹತ್ತಿಯನ್ನು ಹದಮಾಡಿ ಕೊಡುವುದಕ್ಕೆ ಚಿತ್ರದುರ್ಗದಲ್ಲಿ ಖಾದಿ ಆಯೋಗದ ಕಾರ್ಖಾನೆಯಿದೆ. ನೂತವಳು ಲಡಿಗಳನ್ನು ಸಂತೆಗೆ ಕೊಂಡೊಯ್ಯುವುದಿಲ್ಲ, ಕೇಂದ್ರದಲ್ಲಿಯೇ ಎಣಿಸಿ ಒಪ್ಪಿಸುತ್ತಾಳೆ. ಎಷ್ಟು ಲಡಿಯೆಂಬುದನ್ನು ಅವಳ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.